ಯಾರ ಕೆರೆ ತುಂಬಿತು?



‘ಮೌಲ್ಯಮಾಪನ’ ಎಂಬ ಪದ ನಿಮಗೆ ಹೊಸದೇನಲ್ಲ. ‘ಉತ್ತರಪತ್ರಿಕೆಗಳ ಮೌಲ್ಯಮಾಪನ ಆರಂಭ’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನದಿಂದ ಫಲಿತಾಂಶದ ದಿನದವರೆಗೆ ಎಷ್ಟೋ ಮನೆಗಳಲ್ಲಿ ಸರಿಯಾಗಿ ನಿದ್ದೆಯೇ ಇರುವುದಿಲ್ಲ. ಮೌಲ್ಯಮಾಪಕರ ಮುಂದೆ ನಿಮ್ಮ ಉತ್ತರಪತ್ರಿಕೆ ಇರುತ್ತದೆ, ಮಾದರಿ ಉತ್ತರಗಳಿರುತ್ತವೆ, ಯಾವ ಪ್ರಶ್ನೆಗೆ ಎಷ್ಟು ಅಂಕ ಎಂಬುದು ಗೊತ್ತಿರುತ್ತದೆ. ಆ ದಿನ ನಿಮಗೆ ಜ್ವರ ಬಂದಿತ್ತೇ, ನಿಮ್ಮ ಶಾಲೆಯಲ್ಲಿ ಆರು ತಿಂಗಳು ಗಣಿತದ ಮೇಷ್ಟರೇ ಇರಲಿಲ್ಲವೇ ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಅವರು ಅಳೆಯಬೇಕಾದದ್ದೆಲ್ಲ ಆ ಪತ್ರಿಕೆಯ ಒಳಗೇ ಇರುತ್ತದೆ.

ಆದರೆ ಅಂಕ ಕೊಡಬೇಕಾದದ್ದು ಒಬ್ಬ ವಿದ್ಯಾರ್ಥಿಗಲ್ಲ, ಒಂದು ಸರ್ಕಾರಿ ಯೋಜನೆಗೆ ಎಂದಾದರೆ? ಶಾಲಾ ಮಕ್ಕಳಿಗೆ ಬಿಸಿಯೂಟ, ಹಳ್ಳಿಗೆ ಕುಡಿಯುವ ನೀರು, ರೈತರ ಹೊಲಕ್ಕೆ ಬದು ಇವೆಲ್ಲ ಉದ್ದೇಶಿಸಿದ ಫಲ ಕೊಟ್ಟಿವೆಯೇ ಎಂದು ಯಾರಾದರೂ ಪರೀಕ್ಷಿಸಬೇಕಲ್ಲವೇ? ಇದನ್ನೇ ವೃತ್ತಿಯಾಗಿ ಮಾಡುವವರಿದ್ದಾರೆ. ಭಾರತದಲ್ಲಿ ಈ ಕೆಲಸಕ್ಕೆಂದೇ 1952ರಲ್ಲಿ ಯೋಜನಾ ಆಯೋಗದ ಅಡಿಯಲ್ಲಿ ಕಾರ್ಯಕ್ರಮ ಮೌಲ್ಯಮಾಪನ ಸಂಘಟನೆ ಆರಂಭವಾಯಿತು. ಯೋಜನಾ ಆಯೋಗದ ಜಾಗಕ್ಕೆ ನೀತಿ ಆಯೋಗ ಬಂದ ಮೇಲೆ, 2015ರಲ್ಲಿ ಆ ಕೆಲಸ ಅದರ ಹೊಸ ಕಚೇರಿಯೊಂದಕ್ಕೆ ಸೇರಿತು. ನಮ್ಮ ರಾಜ್ಯದಲ್ಲಿ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಸ್ಥಾಪನೆಯಾಯಿತು. ಮೌಲ್ಯಮಾಪಕರು ಹಳ್ಳಿಗಳಿಗೆ ಹೋಗುತ್ತಾರೆ, ಜನರನ್ನು ಮಾತನಾಡಿಸುತ್ತಾರೆ, ಲೆಕ್ಕಪತ್ರ ನೋಡುತ್ತಾರೆ, ಅಳೆಯುತ್ತಾರೆ, ವರದಿ ಬರೆಯುತ್ತಾರೆ. ಯೋಜನೆಯನ್ನು ಮುಂದುವರಿಸಬೇಕೇ, ತಿದ್ದಬೇಕೇ, ನಿಲ್ಲಿಸಬೇಕೇ ಎಂದು ತೀರ್ಮಾನಿಸುವಾಗ ಇಂಥ ವರದಿಗಳು ಮೇಜಿನ ಮೇಲಿರುತ್ತವೆ.

ಇಲ್ಲಿ ಒಂದು ತೊಡಕಿದೆ. ಯೋಜನೆಗೆ ಉತ್ತರಪತ್ರಿಕೆಯಂತೆ ಅಂಚುಗಳಿಲ್ಲ. ಅದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ? ಈ ಪ್ರಶ್ನೆಯನ್ನು ಎದುರಿಸಲು ಮೌಲ್ಯಮಾಪಕರು ಕೆಲವು ದಶಕಗಳಿಂದ ‘ವ್ಯವಸ್ಥಾ ಚಿಂತನೆ’ಯ ನೆರವು ಪಡೆಯುತ್ತಿದ್ದಾರೆ. ಅದೇನೆಂದು ವಿವರಿಸುವ ಮೊದಲು, ಈ ಪಾಠವನ್ನು ನನಗೆ ಕಲಿಸಿದ ಒಂದು ಅಂಚೆ ಕಾರ್ಡಿನ ಕಥೆ ಹೇಳುತ್ತೇನೆ.

ಒಂದು ಅಂಚೆ ಕಾರ್ಡು

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಹಳ್ಳಿಯ ಬಗ್ಗೆ ನಾನು ಕಾರ್ಯಕ್ರಮ ಮಾಡಿದ್ದೆ. ಅಲ್ಲಿ ಜಲಾನಯನ ಅಭಿವೃದ್ಧಿಯ ಕೆಲಸ ಚೆನ್ನಾಗಿ ನಡೆದಿತ್ತು. ಹೊಲಗಳಿಗೆ ಬದು ಹಾಕಿದ್ದರು, ಕೃಷಿ ಹೊಂಡ ತೆಗೆದಿದ್ದರು, ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಂ ಕಟ್ಟಿದ್ದರು. ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿಕೊಂಡಿತ್ತು. ಯೋಜನೆಯ ಮೌಲ್ಯಮಾಪನ ವರದಿಯೂ ‘ಯಶಸ್ವಿ’ ಎಂದೇ ಹೇಳಿತ್ತು. ತುಂಬಿ ನಿಂತ ಚೆಕ್ ಡ್ಯಾಂ, ಅದರಲ್ಲಿ ಈಜುವ ಹುಡುಗರು, ನಗುವ ರೈತರು ಎಲ್ಲವನ್ನೂ ಚಿತ್ರೀಕರಿಸಿಕೊಂಡು ಬಂದೆವು. ಕಾರ್ಯಕ್ರಮ ಪ್ರಸಾರವಾಯಿತು, ಮೆಚ್ಚುಗೆಯೂ ಬಂತು.

ಎರಡು ವಾರಗಳ ನಂತರ ಒಂದು ಕಾರ್ಡು ಬಂತು. ಬರೆದವರು ಅದೇ ಹಳ್ಳದ ಕೆಳಗಿನ ಊರಿನ ರೈತರು. “ಸ್ವಾಮಿ, ನಿಮ್ಮ ಕಾರ್ಯಕ್ರಮ ನೋಡಿದೆವು. ಮೇಲಿನ ಊರಿನಲ್ಲಿ ನೀರು ನಿಂತಿರುವುದು ಸಂತೋಷ. ನಮ್ಮ ಕೆರೆ ಕೋಡಿ ಬಿದ್ದು ನಾಲ್ಕು ವರ್ಷವಾಯಿತು. ಒಮ್ಮೆ ನಮ್ಮೂರಿಗೂ ಕ್ಯಾಮೆರಾ ತನ್ನಿ.”

ಹೋಗಿ ನೋಡಿದೆ. ಕೆರೆಯಂಗಳದಲ್ಲಿ ಜಾಲಿ ಬೆಳೆದಿತ್ತು, ತೂಬು ಮಣ್ಣಿನಲ್ಲಿ ಹೂತುಹೋಗಿತ್ತು. ಕಾರ್ಡು ಬರೆದ ಹಿರಿಯರು ಏರಿಯ ಮೇಲೆ ನಿಂತು ಮೇಲಿನ ಊರಿನ ಕಡೆ ಕೈ ತೋರಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಅವರೇನು ಕದ್ದರಾ? ಅವರ ಹೊಲದ ಮೇಲೆ ಬಿದ್ದ ಮಳೆ ಅವರು ಹಿಡಿದುಕೊಂಡರು. ಆದರೆ ಇದನ್ನು ಯಾರೂ ಬರೆದುಕೊಳ್ಳಲಿಲ್ಲ ನೋಡಿ” ಎಂದರು.

ಯಾರು ತಪ್ಪು ಮಾಡಿದ್ದರು? ಮೇಲಿನ ಊರಿನವರು ಕಷ್ಟಪಟ್ಟು ದುಡಿದಿದ್ದರು. ವರದಿ ಬರೆದವರು ತಮ್ಮ ನಮೂನೆಯ ಪ್ರತಿ ಕಲಮನ್ನೂ ತುಂಬಿದ್ದರು. ನಾನು ತೋರಿಸಿದ ನೀರೂ ನಿಜವೇ. ಬೇರೆ ಬೇರೆಯಾಗಿ ನೋಡಿದರೆ ಎಲ್ಲವೂ ಸರಿ, ಒಟ್ಟಾಗಿ ನೋಡಿದಾಗ ಮಾತ್ರ ಒಂದು ಇಡೀ ಊರು ಲೆಕ್ಕದಿಂದ ಬಿಟ್ಟುಹೋಗಿತ್ತು.

ವ್ಯವಸ್ಥೆ ಎಂದರೇನು?

ಪರಸ್ಪರ ಸಂಬಂಧವಿರುವ, ಒಂದು ಬದಲಾದರೆ ಇನ್ನೊಂದು ಬದಲಾಗುವ ಭಾಗಗಳ ಕೂಟವನ್ನು ‘ವ್ಯವಸ್ಥೆ’ ಎನ್ನುತ್ತೇವೆ. ಒಂದು ರಾಶಿ ಕಲ್ಲು ವ್ಯವಸ್ಥೆಯಲ್ಲ. ನಾಲ್ಕು ಕಲ್ಲು ತೆಗೆದರೂ ಅದು ರಾಶಿಯೇ. ಆದರೆ ಬೈಸಿಕಲ್ಲಿನ ಚೈನು ತೆಗೆದರೆ ಉಳಿದದ್ದು ಬೈಸಿಕಲ್ಲಾಗಿ ಕೆಲಸ ಮಾಡುವುದಿಲ್ಲ.

ನಮ್ಮ ಹಿರಿಯರು ಕಟ್ಟಿದ ಕೆರೆಗಳ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಇವುಗಳಲ್ಲಿ ಅನೇಕವು ಒಂಟಿ ಕೆರೆಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ, ಅಲ್ಲಿಂದ ಮುಂದಿನದಕ್ಕೆ. ತೂಬು ಎತ್ತಿ ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ಒಂದು ಊರಿನ ಕೆರೆಯ ಸ್ಥಿತಿ ತಿಳಿಯಬೇಕಾದರೆ ಅದರ ಮೇಲಿನ ಊರನ್ನೂ ನೋಡಬೇಕು ಎಂಬುದು ನೀರುಗಂಟಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು.

ವ್ಯವಸ್ಥಾ ಚಿಂತನೆ ಎಂದರೆ ಇಂಥ ಅರಿವನ್ನು ಶಿಸ್ತಿನಿಂದ ಬಳಸುವುದು. ಇಪ್ಪತ್ತನೆಯ ಶತಮಾನದಲ್ಲಿ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬರ್ಟಲನ್ಫಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಅಮೆರಿಕದ ಸಿ. ವೆಸ್ಟ್ ಚರ್ಚ್‌ಮನ್ 1968ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ಆಡಳಿತದ ಪ್ರಶ್ನೆಗಳಿಗೆ ಅನ್ವಯಿಸಿದರು. ಡೊನೆಲ್ಲಾ ಮೆಡೋಸ್ ಮತ್ತು ಸಂಗಡಿಗರು 1972ರಲ್ಲಿ ಇದೇ ವಿಧಾನದಿಂದ ಇಡೀ ಭೂಮಿಯ ಬೆಳವಣಿಗೆಯ ಮಿತಿಗಳನ್ನು ಚರ್ಚಿಸಿದರು.

ಒಂದು ಸಣ್ಣ ಲೆಕ್ಕ

ಮೇಲಿನ ಊರು, ಕೆಳಗಿನ ಊರಿನ ಕಥೆಯನ್ನು ಅಂಕಿಗಳಲ್ಲಿ ನೋಡೋಣ. ಪೆನ್ಸಿಲು ತೆಗೆದುಕೊಳ್ಳಿ. ಇವು ಲೆಕ್ಕಕ್ಕಾಗಿ ನಾನು ಊಹಿಸಿಕೊಂಡ ಅಂಕಿಗಳು, ಯಾವುದೇ ಊರಿನ ಅಳತೆಗಳಲ್ಲ.

ಮೇಲಿನ ಊರಿನ ಕಿರು ಜಲಾನಯನ 500 ಹೆಕ್ಟೇರು ಎಂದುಕೊಳ್ಳಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಘನ ಮೀಟರ್ ನೀರು. ವರ್ಷಕ್ಕೆ 550 ಮಿ.ಮೀ. ಮಳೆಯಾದರೆ ಒಟ್ಟು 27.5 ಲಕ್ಷ ಘನ ಮೀಟರ್. ಇದರಲ್ಲಿ ಹೆಚ್ಚಿನದು ಮಣ್ಣಿಗೆ, ಗಿಡಗಳಿಗೆ, ಆವಿಗೆ ಹೋಗುತ್ತದೆ. ಶೇಕಡ 8ರಷ್ಟು ಹಳ್ಳಕ್ಕೆ ಹರಿಯಿತು ಎಂದರೆ 2.2 ಲಕ್ಷ ಘನ ಮೀಟರ್. ಕೆಳಗಿನ ಕೆರೆ ಹಿಡಿಯುವುದು 2 ಲಕ್ಷ. ಹಾಗಾಗಿ ಮೊದಲು ಕೆರೆ ತುಂಬಿ 20 ಸಾವಿರ ಘನ ಮೀಟರ್ ನೀರು ಕೋಡಿ ಹರಿಯುತ್ತಿತ್ತು.

ಈಗ ಬದು, ಹೊಂಡ, ಚೆಕ್ ಡ್ಯಾಂಗಳು ಸೇರಿ ಮೇಲೆಯೇ 1.3 ಲಕ್ಷ ಘನ ಮೀಟರ್ ಹಿಡಿದವು. ಕೆಳಗಿನ ಕೆರೆಗೆ ಬರುವುದು 90 ಸಾವಿರ ಮಾತ್ರ.

ಈಗ ಮೌಲ್ಯಮಾಪನ ಮಾಡಿ. ಮೇಲಿನ ಊರಿನ ಸುತ್ತ ಗೆರೆ ಎಳೆದರೆ 1.3 ಲಕ್ಷ ಘನ ಮೀಟರ್ ಲಾಭ. ಕೆಳಗಿನ ಊರನ್ನೂ ಸೇರಿಸಿ ಗೆರೆ ಎಳೆದರೆ ಕೆರೆಗೆ 1.1 ಲಕ್ಷ ನಷ್ಟ, ಉಳಿದ ಲಾಭ 20 ಸಾವಿರ. ಕೋಡಿ ನೀರು ಪಡೆಯುತ್ತಿದ್ದ ಮುಂದಿನ ಊರನ್ನೂ ಸೇರಿಸಿದರೆ ಆ 20 ಸಾವಿರವೂ ಹೋಗಿ ಲಾಭ ಸೊನ್ನೆ! ಯೋಜನೆ ಅದೇ, ಮಳೆ ಅದೇ. ಗೆರೆ ಎಳೆದ ಜಾಗ ಬದಲಾದಂತೆ ಉತ್ತರ ಬದಲಾಯಿತು.

ಹಾಗೆಂದು ಚೆಕ್ ಡ್ಯಾಂ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರಬೇಡಿ. ಮೇಲೆ ಇಂಗಿದ ನೀರಿನ ಒಂದು ಭಾಗ ಕೆಳಗಿನ ಬಾವಿಗಳಿಗೂ ಬರಬಹುದು. ಬದುಗಳಿಂದ ಮಣ್ಣಿನ ಸವಕಳಿ ತಗ್ಗಿದರೆ ಕೆರೆಯಲ್ಲಿ ಹೂಳು ತುಂಬುವುದೂ ತಗ್ಗುತ್ತದೆ. ಅಗಲವಾದ ಕೆರೆಯಿಂದ ಆವಿಯಾಗುವ ನೀರೂ ಕಡಿಮೆಯಲ್ಲ. ನಿಜವಾದ ಲೆಕ್ಕ ನನ್ನ ಲೆಕ್ಕಕ್ಕಿಂತ ಕಷ್ಟದ್ದು. ನಾನು ಹೇಳುತ್ತಿರುವುದು ಇಷ್ಟೇ: ಗೆರೆಯ ಹೊರಗೆ ನೋಡದಿದ್ದರೆ ಲೆಕ್ಕ ಮಾಡುವ ಪ್ರಶ್ನೆಯೇ ಏಳುವುದಿಲ್ಲ.

ಕಾಲಕ್ಕೂ ಗೆರೆ ಇರುತ್ತದೆ. ಒಳ್ಳೆಯ ವರ್ಷ 800 ಮಿ.ಮೀ. ಮಳೆಯಾಗಿ, ಅದರ ಶೇಕಡ 15ರಷ್ಟು ಹರಿದರೆ ಹಳ್ಳದಲ್ಲಿ 6 ಲಕ್ಷ ಘನ ಮೀಟರ್. ಮೇಲೆ 1.3 ಲಕ್ಷ ಹಿಡಿದರೂ ಕೆಳಗಿನ ಕೆರೆ ತುಂಬಿ ಹರಿಯುತ್ತದೆ, ಯಾರಿಗೂ ನಷ್ಟವಿಲ್ಲ. ಕೆಟ್ಟ ವರ್ಷ 400 ಮಿ.ಮೀ. ಮಳೆಯಾಗಿ, ಶೇಕಡ 4ರಷ್ಟೇ ಹರಿದರೆ 80 ಸಾವಿರ. ಅಷ್ಟೂ ಮೇಲೆಯೇ ನಿಲ್ಲಬಹುದು, ಕೆಳಗೆ ತೊಟ್ಟೂ ಬಾರದಿರಬಹುದು. ಒಳ್ಳೆಯ ಮಳೆಯ ವರ್ಷದಲ್ಲಿ ಬಂದ ಮೌಲ್ಯಮಾಪಕರೂ ಬರಗಾಲದಲ್ಲಿ ಬಂದವರೂ ಬೇರೆ ಬೇರೆ ವರದಿ ಬರೆಯುತ್ತಾರೆ. ಇಬ್ಬರೂ ಪ್ರಾಮಾಣಿಕರೇ.

ಸುತ್ತಿ ಬರುವ ಪರಿಣಾಮ

ಇನ್ನೊಂದು ಸಂಗತಿ ನೋಡಿ. ಚೆಕ್ ಡ್ಯಾಂನಿಂದ ಅಂತರ್ಜಲ ಏರಿತು. ಬಾವಿಯಲ್ಲಿ ನೀರು ಕಂಡ ರೈತರು ರಾಗಿ, ಶೇಂಗಾ ಬಿಟ್ಟು ಹೆಚ್ಚು ನೀರು ಬೇಡುವ ಬೆಳೆಗೆ ಕೈ ಹಾಕಿದರು. ಪಕ್ಕದವರೂ ಬೋರ್‌ವೆಲ್ ಕೊರೆಸಿದರು. ನೀರೆತ್ತುವುದು ಹೆಚ್ಚಾಯಿತು, ಅಂತರ್ಜಲ ಮತ್ತೆ ಇಳಿಯಿತು. ಆಳವಾಗಿ ಕೊರೆಸಲು ಹಣವಿದ್ದವರು ಉಳಿದರು, ಇಲ್ಲದವರ ಬಾವಿ ಬತ್ತಿತು. ಕಾರಣದಿಂದ ಹುಟ್ಟಿದ ಪರಿಣಾಮ ಸುತ್ತಿ ಬಂದು ಕಾರಣವನ್ನೇ ಬದಲಿಸಿತು. ವ್ಯವಸ್ಥಾ ಚಿಂತಕರು ಇದನ್ನು ‘ಹಿಮ್ಮಾಹಿತಿ ಸುತ್ತು’ ಎನ್ನುತ್ತಾರೆ. ಈ ಸುತ್ತು ಪೂರ್ಣವಾಗಲು ವರ್ಷಗಳೇ ಬೇಕು. ಯೋಜನೆ ಮುಗಿದ ಮರುವರ್ಷವೇ ಅಳೆದರೆ ಏರಿದ ನೀರು ಕಾಣುತ್ತದೆ, ಇಳಿದ ನೀರು ಕಾಣುವುದಿಲ್ಲ.

ಇದು ಬರೀ ಊಹೆಯೇ? ಅಲ್ಲ. 1995ರಿಂದ ಜಾರಿಗೆ ಬಂದ ಕೇಂದ್ರದ ಮಾರ್ಗಸೂಚಿಗಳು ಸುಮಾರು 500 ಹೆಕ್ಟೇರಿನ ಕಿರು ಜಲಾನಯನವನ್ನು ಕೆಲಸದ ಘಟಕವಾಗಿ ಇಟ್ಟುಕೊಂಡಿದ್ದವು. ಕೆಲಸ ಮಾಡಲು ಅದು ಅನುಕೂಲದ ಅಳತೆ. ಆದರೆ ಕೆಲಸದ ಎಲ್ಲೆಯೇ ಮೌಲ್ಯಮಾಪನದ ಎಲ್ಲೆಯೂ ಆದರೆ ಕೆಳಗಿನ ಊರು ಹೊರಗುಳಿಯುತ್ತದೆ. ಬ್ರಿಟನ್ನಿನ ನೆರವಿನಿಂದ ಬಳ್ಳಾರಿ, ಬಿಜಾಪುರ, ಚಿತ್ರದುರ್ಗ ಜಿಲ್ಲೆಗಳಲ್ಲಿ ನಡೆದ ಕರ್ನಾಟಕ ಜಲಾನಯನ ಅಭಿವೃದ್ಧಿ ಯೋಜನೆಯಲ್ಲಿ ‘ಜಲ ಲೆಕ್ಕಪರಿಶೋಧನೆ’ಯೊಂದು ನಡೆಯಿತು. ಬ್ಯಾಂಕಿನ ಲೆಕ್ಕದಂತೆ ನೀರಿನ ಜಮಾ ಖರ್ಚನ್ನು ಪರಿಶೀಲಿಸುವುದೇ ಜಲ ಲೆಕ್ಕಪರಿಶೋಧನೆ. ಇಲ್ಲಿಯೂ ಆಂಧ್ರಪ್ರದೇಶದಲ್ಲಿಯೂ ನಡೆದ ಇಂಥ ಪರಿಶೋಧನೆಗಳ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗಿನ ಹಲವು ಮೌಲ್ಯಮಾಪನಗಳು ಜಲಾನಯನ ಕೆಲಸಗಳಿಂದ ದೊಡ್ಡ ಲಾಭವಾಗಿದೆ ಎಂದಿದ್ದವು. ಪರಿಶೋಧಕರು ಇನ್ನೊಂದು ಮುಖವನ್ನೂ ಕಂಡರು. ಕಡಿಮೆ ಮಳೆಯ ಪ್ರದೇಶದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಬಹಳ ಕಟ್ಟೆಗಳನ್ನು ಕಟ್ಟಿದರೆ ಕೆಳಗಿನ ಕೆರೆಗಳಿಗೆ ನೀರು ಕಡಿಮೆಯಾಗಬಹುದು, ನೀರಾವರಿಯ ಪೈಪೋಟಿಯಲ್ಲಿ ಬಡವರ ಕುಡಿಯುವ ನೀರಿಗೂ ಕುತ್ತು ಬರಬಹುದು ಎಂದು ಅವರು ಎಚ್ಚರಿಸಿದರು.

ಮೂರು ಪ್ರಶ್ನೆಗಳು

ಹಾಗಾದರೆ ಮೌಲ್ಯಮಾಪಕರು ಏನು ಮಾಡಬೇಕು? ನ್ಯೂಜಿಲೆಂಡಿನ ಬಾಬ್ ವಿಲಿಯಮ್ಸ್ ಮೊದಲಾದ ತಜ್ಞರು ವ್ಯವಸ್ಥಾ ಚಿಂತನೆಯ ಹಲವು ವಿಧಾನಗಳನ್ನು ಒಟ್ಟಿಗೆ ಇಟ್ಟು ನೋಡಿ, ಅವುಗಳ ಸಾರವನ್ನು ಮೂರು ಮಾತುಗಳಲ್ಲಿ ಹೇಳಿದ್ದಾರೆ: ಸಂಬಂಧಗಳು, ದೃಷ್ಟಿಕೋನಗಳು, ಎಲ್ಲೆಗಳು. ಇವನ್ನು ಮೂರು ಪ್ರಶ್ನೆಗಳಾಗಿ ನೆನಪಿಟ್ಟುಕೊಳ್ಳಿ.

ಒಂದು, ಯಾವುದು ಯಾವುದಕ್ಕೆ ಅಂಟಿಕೊಂಡಿದೆ? ಎಷ್ಟು ಚೆಕ್ ಡ್ಯಾಂ ಕಟ್ಟಿದರು ಎಂದು ಎಣಿಸಿದರೆ ಸಾಲದು. ಅದರಿಂದ ಬಾವಿಗೆ, ಬಾವಿಯಿಂದ ಬೆಳೆಗೆ, ಬೆಳೆಯಿಂದ ಬೋರ್‌ವೆಲ್ಲಿಗೆ, ಬೋರ್‌ವೆಲ್ಲಿನಿಂದ ಮತ್ತೆ ಬಾವಿಗೆ ಬಾಣದ ಗುರುತು ಹಾಕಿ ಚಿತ್ರ ಬರೆಯಬೇಕು.

ಎರಡು, ಇದನ್ನು ಬೇರೆಯವರು ಹೇಗೆ ನೋಡುತ್ತಾರೆ? ಒಂದೇ ಕೆರೆ ಅಚ್ಚುಕಟ್ಟಿನ ರೈತನಿಗೆ ಭತ್ತ, ಕುರಿಗಾಹಿಗೆ ಕುಡಿಯುವ ನೀರಿನ ಜಾಗ, ಮೀನು ಹಿಡಿಯುವವನಿಗೆ ಜೀವನ, ಬಿಂದಿಗೆ ಹೊರುವ ಹೆಣ್ಣುಮಕ್ಕಳಿಗೆ ನಡೆಯಬೇಕಾದ ದೂರ. ಫಲಾನುಭವಿಗಳ ಪಟ್ಟಿ ಹಿಡಿದು ಹೋದವರಿಗೆ ಪಟ್ಟಿಯಲ್ಲಿಲ್ಲದವರು ಸಿಗುವುದಿಲ್ಲ. ಟೆಲಿವಿಷನ್ನಿನವರಾದ ನಮಗೆ ಇಲ್ಲಿ ಹೆಮ್ಮೆಪಡಲು ಒಂದು ಕಾರಣವಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ತಲುಪಿಸಿದ ‘ಸೈಟ್’ ಪ್ರಯೋಗ ನಡೆಯಿತು. ಅದರ ಮೌಲ್ಯಮಾಪನಕ್ಕೆ ಪ್ರಶ್ನಾವಳಿ ಮಾತ್ರ ಸಾಲದೆಂದು ಸಮಾಜವಿಜ್ಞಾನಿಗಳು ಕೆಲವು ಹಳ್ಳಿಗಳಲ್ಲಿ ನೆಲೆಸಿದರು. ಸಂಜೆ ಪೆಟ್ಟಿಗೆಯ ಮುಂದೆ ಯಾರು ಕೂರುತ್ತಾರೆ, ಯಾರು ದೂರ ನಿಲ್ಲುತ್ತಾರೆ, ಯಾರು ಬರುವುದೇ ಇಲ್ಲ ಎಂಬುದು ಹೀಗೆ ಊರಿನಲ್ಲಿದ್ದು ನೋಡಿದವರಿಗಲ್ಲದೆ ತಿಳಿಯುವುದು ಕಷ್ಟ.

ಮೂರು, ಗೆರೆಯನ್ನು ಎಲ್ಲಿ ಎಳೆದಿದ್ದೇವೆ, ಹೊರಗೆ ಯಾರು ಉಳಿದರು? ಮೂರರಲ್ಲಿ ಇದೇ ಮುಖ್ಯವಾದದ್ದು. ಗೆರೆ ಎಳೆಯುವುದು ಬರೀ ಅನುಕೂಲದ ಮಾತಲ್ಲ, ನ್ಯಾಯದ ಮಾತು ಎಂದು ಚರ್ಚ್‌ಮನ್ ಒತ್ತಿ ಹೇಳುತ್ತಿದ್ದರು.

ಕೆಂಪು ಬಣ್ಣದ ಕೊಳವೆ ಬಾವಿಗಳು

ಗೆರೆ ಬರೀ ನೆಲದ ಮೇಲೆ ಇರುವುದಿಲ್ಲ, ಏನನ್ನು ಅಳೆಯುತ್ತೇವೆ ಎಂಬುದರಲ್ಲಿಯೂ ಇರುತ್ತದೆ. ಇದನ್ನು ಬಹಳ ಬೆಲೆ ತೆತ್ತು ಕಲಿತದ್ದು ನಮ್ಮ ನೆರೆಯ ಬಾಂಗ್ಲಾದೇಶ. ಅಲ್ಲಿ ಕೆರೆಕುಂಟೆಗಳ ಕೊಳಕು ನೀರು ಕುಡಿದು ಮಕ್ಕಳು ವಾಂತಿ ಭೇದಿಯಿಂದ ಸಾಯುತ್ತಿದ್ದರು. 1970ರ ದಶಕದಿಂದ ಯುನಿಸೆಫ್ ಮುಂತಾದ ಸಂಸ್ಥೆಗಳ ನೆರವಿನಿಂದ ಕೊಳವೆ ಬಾವಿಗಳನ್ನು ಹಾಕಿಸಲಾಯಿತು, ಜನರೂ ತಾವಾಗಿ ಲಕ್ಷಗಟ್ಟಲೆ ಹಾಕಿಸಿಕೊಂಡರು. ರೋಗಾಣುಗಳಿಲ್ಲದ ನೀರು ಸಿಕ್ಕಿತು. ಆ ಎಲ್ಲೆಯೊಳಗೆ ಅದು ದೊಡ್ಡ ಗೆಲುವು.

ಆದರೆ ಅಲ್ಲಿನ ನೆಲದ ಪದರಗಳಲ್ಲಿ ಆರ್ಸೆನಿಕ್ ಇತ್ತು. ನೀರಿನ ಮಾಮೂಲು ಪರೀಕ್ಷೆಗಳ ಪಟ್ಟಿಯಲ್ಲಿ ಅದು ಇರಲಿಲ್ಲ. 1993ರಲ್ಲಿ ಬಾವಿಗಳಲ್ಲಿ ಅದು ಪತ್ತೆಯಾಯಿತು. 1998–99ರ ಸಮೀಕ್ಷೆಯಲ್ಲಿ ಮೇಲ್ಪದರದ ಕೊಳವೆ ಬಾವಿಗಳ ಶೇಕಡ 27ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 50 ಮೈಕ್ರೊಗ್ರಾಂನ ಮಿತಿಯನ್ನು ಮೀರಿತ್ತು. ನಂತರ ಲಕ್ಷಾಂತರ ಬಾವಿಗಳನ್ನು ಪರೀಕ್ಷಿಸಿ, ಸುರಕ್ಷಿತವಾದವಕ್ಕೆ ಹಸಿರು, ಅಪಾಯದವಕ್ಕೆ ಕೆಂಪು ಬಣ್ಣ ಬಳಿದರು. ಬಾವಿ ಹಾಕಿಸಿದವರ ಉದ್ದೇಶದಲ್ಲಿ ದೋಷವಿರಲಿಲ್ಲ. ಅಳತೆಯ ಪಟ್ಟಿಯಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೇ.

ಎಲ್ಲವನ್ನೂ ಅಳೆಯಲು ಸಾಧ್ಯವೇ?

ನಿಮ್ಮಲ್ಲಿ ಚುರುಕಾದವರು ಈಗ ಕೇಳಬಹುದು: “ಎಲ್ಲವೂ ಎಲ್ಲದಕ್ಕೂ ಅಂಟಿಕೊಂಡಿದ್ದರೆ ಮೌಲ್ಯಮಾಪನ ಮುಗಿಯುವುದೆಂದು? ಕೆಳಗಿನ ಊರು, ಅದರ ಕೆಳಗಿನ ಊರು ಎಂದು ಹೋದರೆ ಸಮುದ್ರವೇ ಸಿಗುತ್ತದಲ್ಲ!” ಪ್ರಶ್ನೆ ಸರಿಯಾಗಿದೆ. ಹಣಕ್ಕೂ ಸಮಯಕ್ಕೂ ಮಿತಿ ಇದೆ, ಆದ್ದರಿಂದ ಎಲ್ಲಾದರೂ ಗೆರೆ ಎಳೆಯಲೇಬೇಕು. ವ್ಯವಸ್ಥಾ ಚಿಂತನೆ ಗೆರೆ ಬೇಡ ಎನ್ನುವುದಿಲ್ಲ. ತಿಳಿದು ಎಳೆಯಿರಿ, ಎಳೆದ ಕಾರಣವನ್ನು ವರದಿಯಲ್ಲಿ ಬರೆಯಿರಿ, ಹೊರಗೆ ಉಳಿದವರು ಯಾರೆಂದು ಹೇಳಿ ಎನ್ನುತ್ತದೆ. ‘ಯೋಜನೆ ಯಶಸ್ವಿ’ ಎಂಬ ಮಾತಿಗಿಂತ ‘ಈ 500 ಹೆಕ್ಟೇರಿನೊಳಗೆ, ಈ ಎರಡು ವರ್ಷಗಳಲ್ಲಿ ಯಶಸ್ವಿ. ಕೆಳಗಿನ ಕೆರೆಯನ್ನು ನಾವು ನೋಡಿಲ್ಲ’ ಎಂಬ ಮಾತು ಹೆಚ್ಚು ವೈಜ್ಞಾನಿಕ. ಅದನ್ನು ಓದಿದ ಅಧಿಕಾರಿಗೆ ಮುಂದೆ ಎಲ್ಲಿಗೆ ಹೋಗಿ ನೋಡಬೇಕೆಂಬುದಾದರೂ ತಿಳಿಯುತ್ತದೆ.

ನೀವೂ ಒಂದು ಪ್ರಯೋಗ ಮಾಡಿ. ನಿಮ್ಮ ಊರಿನಲ್ಲಿಯೋ ಕಾಲೇಜಿನಲ್ಲಿಯೋ ‘ಚೆನ್ನಾಗಿ ನಡೆಯುತ್ತಿದೆ’ ಎಂದು ಎಲ್ಲರೂ ಹೇಳುವ ಒಂದು ಕೆಲಸವನ್ನು ಆರಿಸಿಕೊಳ್ಳಿ. ಹೊಸ ಬಸ್ಸಿನ ದಾರಿ, ಬಿಸಿಯೂಟ, ಶುದ್ಧ ನೀರಿನ ಘಟಕ ಯಾವುದಾದರೂ ಆಗಬಹುದು. ಕಾಗದದ ಮೇಲೆ ಅದನ್ನು ನಡುವೆ ಬರೆದು, ಸುತ್ತ ಗೆರೆ ಎಳೆಯಿರಿ. ಗೆರೆಯ ಹೊರಗಿರುವ ಮೂವರ ಬಳಿ ಹೋಗಿ ಮಾತನಾಡಿಸಿ. ಉದಾಹರಣೆಗೆ, ಆ ಬಸ್ಸು ಮೊದಲು ಯಾವ ಊರಿನ ಮೇಲೆ ಹೋಗುತ್ತಿತ್ತು? ಬಿಸಿಯೂಟದ ಅಡುಗೆಯವರು ಎಷ್ಟು ಗಂಟೆಗೆ ಮನೆ ಬಿಡುತ್ತಾರೆ? ನೀರಿನ ಘಟಕ ಹೊರಹಾಕುವ ಉಪ್ಪು ನೀರು ಎಲ್ಲಿಗೆ ಹೋಗುತ್ತದೆ? ಕೇಳಿದ್ದನ್ನು ಬರೆದಿಟ್ಟುಕೊಳ್ಳಿ.

ಆ ಹಿರಿಯರು ಕೇಳಿದಂತೆ ಕೆಳಗಿನ ಊರಿಗೆ ಕ್ಯಾಮೆರಾ ತೆಗೆದುಕೊಂಡು ಹೋದೆವು. ಎರಡನೆಯ ಕಾರ್ಯಕ್ರಮದಲ್ಲಿ ಎರಡೂ ಊರುಗಳ ಜನ ಒಂದೇ ಏರಿಯ ಮೇಲೆ ಕುಳಿತು ಮಾತನಾಡಿದರು. ಅದರಿಂದ ಕೆರೆ ತುಂಬಿತು ಎಂದು ಹೇಳಲಾರೆ, ತುಂಬಲಿಲ್ಲ. ಆದರೆ ಯಾವ ಹೊಸ ಕಟ್ಟೆ ಕಟ್ಟುವ ಮುನ್ನವೂ ಕೆಳಗಿನ ಊರಿನವರನ್ನು ಕರೆದು ಕೇಳುವುದೆಂದು ಅಂದು ಮಾತಾಯಿತು. ಆ ಕಾರ್ಡು ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ. ಹೊಸ ಕಾರ್ಯಕ್ರಮಕ್ಕೆ ಹೊರಡುವಾಗ ಅದನ್ನೊಮ್ಮೆ ಓದುತ್ತೇನೆ.